ಉಪ್ಸಾಲದ ಪುಸ್ತಕದಂಗಡಿ ಮತ್ತು ನಮ್ಮ ಸಂಘದ ಕಪಾಟು

ಕಳೆದ ರಾಜ್ಯೋತ್ಸವ ಮುಗಿದ ಮರುವಾರ ನಮ್ಮ ಸಂಘದ ಕೋಣೆಯಲ್ಲಿ ಸಣ್ಣದೊಂದು ಚರ್ಚೆ ನಡೆಯಿತು. ಮೂಲೆಯಲ್ಲಿರುವ ಪುಸ್ತಕದ ಕಪಾಟನ್ನು ತೆಗೆದರೆ ಇನ್ನೂ ಏಳೆಂಟು ಕುರ್ಚಿ ಹಾಕಬಹುದು ಎಂದು ಒಬ್ಬ ಸದಸ್ಯರು ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಾರ್ಯಕ್ರಮದ ದಿನ ಜನ ನಿಂತೇ ನೋಡುತ್ತಾರೆ. ಕಪಾಟಿನ ಬಾಗಿಲು ತೆರೆಯುವವರೋ ಅಪರೂಪ. ಪುಸ್ತಕ ಒಯ್ದವರ ಹೆಸರು ಬರೆಯುವ ವಹಿಯಲ್ಲಿ ಒಂದು ವರ್ಷಕ್ಕೆ ಎರಡು ಪುಟವೂ ತುಂಬಿರಲಿಲ್ಲ. ನಾವು ಯಾರೂ ಎದುರಾಡಲಿಲ್ಲ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಚಹಾ ಕುಡಿದು ಎದ್ದೆವು.

ಈ ವಿಷಯ ವಾಟ್ಸಾಪ್ ಗುಂಪಿಗೆ ಹೋಯಿತು. ಮೊದಲು ನಮ್ಮ ಜೊತೆಯಲ್ಲೇ ದುಡಿದು ಈಗ ಸ್ವೀಡನ್ನಿನಲ್ಲಿ ನೆಲೆಸಿರುವ ಹಳೆಯ ಸದಸ್ಯರೊಬ್ಬರು ಅಲ್ಲಿಂದ ಧ್ವನಿ ಸಂದೇಶ ಕಳಿಸಿದರು. "ಕಪಾಟನ್ನು ಕೊಡುವ ಮೊದಲು ಈ ಊರಿನ ಕತೆ ಸ್ವಲ್ಪ ಕೇಳಿ ಮಾರಾಯ್ರೆ" ಎಂದು ಶುರು ಮಾಡಿದವರು ಹತ್ತು ನಿಮಿಷ ಮಾತಾಡಿದರು. ಅವರು ಹೇಳಿದ ಎಳೆಗಳನ್ನು ಹಿಡಿದು ನಾವೂ ಓದುತ್ತಾ ಹೋದೆವು. ಆ ಓದಿನಲ್ಲಿ ಸಿಕ್ಕಿದ್ದನ್ನು ಈ ವರ್ಷದ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಅಗ್ಗದ ಬೆಲೆಗೆ ಎದುರು ನಿಂತ ಅಂಗಡಿ

ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಉಪ್ಸಾಲ ಎಂಬ ಊರಿದೆ. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಇರುವ ಊರು. ಅಲ್ಲಿ 1995ರಲ್ಲಿ 'ದಿ ಇಂಗ್ಲಿಷ್ ಬುಕ್‌ಶಾಪ್' ಎಂಬ ಒಂದು ಅಂಗಡಿ ತೆರೆಯಿತು. ಜನರ ಮಾತು ಸ್ವೀಡಿಷ್, ಅಂಗಡಿಯ ಪುಸ್ತಕ ಇಂಗ್ಲಿಷ್. ಯಾವ ದೊಡ್ಡ ಕಂಪನಿಯ ಆಸರೆಯೂ ಇಲ್ಲ. ಇಂಥ ಅಂಗಡಿ ಎಷ್ಟು ದಿನ ನಡೆದೀತು ಎಂದು ಯಾರಿಗಾದರೂ ಅನುಮಾನ ಬರಬೇಕು. ಆದರೆ 2018ರಲ್ಲಿ ಲಂಡನ್ ಪುಸ್ತಕ ಮೇಳದವರು ಜಗತ್ತಿನ ಅಂಗಡಿಗಳ ನಡುವೆ ಆಯ್ದು 'ವರ್ಷದ ಪುಸ್ತಕದಂಗಡಿ' ಪ್ರಶಸ್ತಿ ಕೊಟ್ಟದ್ದು ಇದೇ ಅಂಗಡಿಗೆ.

ಇದರ ಹೆಚ್ಚುಗಾರಿಕೆ ಗೊತ್ತಾಗಬೇಕಾದರೆ ಅಲ್ಲಿನ ಪುಸ್ತಕ ವ್ಯಾಪಾರದ ಲೆಕ್ಕ ತಿಳಿಯಬೇಕು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಪುಸ್ತಕಕ್ಕೆ ಪ್ರಕಾಶಕರು ಇಟ್ಟ ಬೆಲೆಗೇ ಎಲ್ಲ ಅಂಗಡಿಯವರೂ ಮಾರಬೇಕು. ಸ್ವೀಡನ್ 1970ರಲ್ಲೇ ಈ ಕಟ್ಟನ್ನು ತೆಗೆದುಹಾಕಿತು. ಅಂದಿನಿಂದ ಯಾರು ಕಡಿಮೆಗೆ ಕೊಡುತ್ತಾರೋ ಗಿರಾಕಿ ಅವರ ಕಡೆಗೆ. ರಾಶಿ ಕೊಳ್ಳುವ ದೊಡ್ಡ ಅಂಗಡಿ ರಿಯಾಯಿತಿ ಕೊಡಬಲ್ಲದು, ಐದು ಪ್ರತಿ ತರಿಸುವ ಸಣ್ಣವನಿಂದ ಅದು ಆಗದು. 1997ರಲ್ಲಿ ಬೋಕುಸ್, ಅಡ್‌ಲಿಬ್ರಿಸ್ ಎಂಬ ಎರಡು ಆನ್‌ಲೈನ್ ಮಳಿಗೆಗಳೂ ಬಂದವು. 2002ರ ಜನವರಿಯಲ್ಲಿ ಸರ್ಕಾರ ಪುಸ್ತಕದ ಮೇಲಿನ ತೆರಿಗೆಯನ್ನು ಶೇ. 25ರಿಂದ ಶೇ. 6ಕ್ಕೆ ಇಳಿಸಿತು. ಓದುಗರಿಗೆ ಇದರಿಂದ ಅನುಕೂಲವಾಯಿತು. ಆದರೂ ಬೆಲೆಯ ಪೈಪೋಟಿಯಲ್ಲಿ ಸಣ್ಣ ಅಂಗಡಿ ಗೆಲ್ಲುವಂತಿಲ್ಲ.

ಹಾಗಾದರೆ ಅದು ಬದುಕುವುದು ಹೇಗೆ? ಓದುಗರ ಪರಿಚಯದಿಂದ. ಇವರಿಗೆ ಈ ಪುಸ್ತಕ ಹಿಡಿಸೀತು ಎಂದು ಗೊತ್ತಿರುವ ಅಂಗಡಿಯವರಿಂದ. ತಿಂಗಳಿಗೊಮ್ಮೆ ಒಂದೇ ಪುಸ್ತಕ ಓದಿ ಬಂದು ಕುಳಿತು ಮಾತಾಡುವ ಓದುಗರ ಕೂಟಗಳಿಂದ.

ನಮಗೆ ಇದು ಹೊಸ ಸಂಗತಿ ಅಲ್ಲ. ಮಂಗಳೂರಿನಲ್ಲಿ ಓದಿದ ನಮ್ಮ ಎಷ್ಟೋ ಸದಸ್ಯರಿಗೆ ಜಿ.ಎನ್. ಅಶೋಕವರ್ಧನರ 'ಅತ್ರಿ ಬುಕ್ ಸೆಂಟರ್' ನೆನಪಿದೆ. 1975ರಿಂದ 2012ರವರೆಗೆ ಅದು ನಡೆಯಿತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬಳಿ ಟಿ.ಎಸ್. ಶಾನುಭಾಗರ 'ಪ್ರೀಮಿಯರ್' 1971ರಿಂದ 2009ರವರೆಗೆ ಇತ್ತು. ನೆಲದಿಂದ ಸೂರಿನವರೆಗೆ ಪೇರಿಸಿದ ರಾಶಿಯಲ್ಲಿ ಯಾವ ಪುಸ್ತಕ ಎಲ್ಲಿದೆ ಎಂಬುದು ಅವರಿಗೆ ಕಣ್ಣು ಮುಚ್ಚಿ ಗೊತ್ತಿತ್ತು. ಅದಕ್ಕೂ ಬಹಳ ಹಿಂದೆ, ಕಾದಂಬರಿಕಾರ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದವರ ಸಾಲಿನಲ್ಲಿ ಹೀಗೆ ಪುಸ್ತಕ ಹೊತ್ತವರೂ ಇದ್ದಾರೆ.

ಕಪಾಟಿನಲ್ಲಿ ಯಾರಿಗೆ ಜಾಗ?

ಈಗ ಇನ್ನೊಂದು ಪ್ರಶ್ನೆ. ಅಂಗಡಿ ಇದೆ, ಕಪಾಟೂ ಇದೆ. ಅದರಲ್ಲಿ ಯಾರು ಬರೆದ ಪುಸ್ತಕಕ್ಕೆ ಜಾಗ?

ಸ್ವೀಡನ್ನಿನ ಜನಸಂಖ್ಯೆ ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಸುಮಾರು ಐದರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ಇರಾನ್, ಇರಾಕ್, ಸಿರಿಯಾ, ಸೊಮಾಲಿಯಾ, ಟರ್ಕಿ, ಹೀಗೆ ಎಲ್ಲೆಲ್ಲಿಂದಲೋ ಬಂದವರು. ಅವರ ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಶಾಲೆ ಕಲಿತು, ಸ್ವೀಡಿಷಿನಲ್ಲೇ ಬರೆಯತೊಡಗಿದರು. ಆದರೂ ಬಹಳ ಕಾಲ ಅವರಿಗೆ 'ವಲಸಿಗ ಲೇಖಕ' ಎಂಬ ಚೀಟಿ ಅಂಟಿಯೇ ಇತ್ತು. ಮೈಬಣ್ಣ, ಹೆಸರು ನೋಡಿ ಅಂಟಿಸಿದ ಚೀಟಿ.

ಯೂನಸ್ ಹಸನ್ ಖೆಮಿರಿ 1978ರಲ್ಲಿ ಹುಟ್ಟಿದವರು. ತಂದೆ ಟ್ಯುನೀಸಿಯಾದವರು, ತಾಯಿ ಸ್ವೀಡನ್ನಿನವರು. 2003ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ವಲಸಿಗರ ಕುಟುಂಬದ ಹುಡುಗನೊಬ್ಬ ಬೇಕೆಂದೇ ಮುರಿದ ಸ್ವೀಡಿಷಿನಲ್ಲಿ ತನ್ನ ಕತೆ ಹೇಳುತ್ತಾನೆ. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಪೊಲೀಸರು ಸುರಂಗ ರೈಲಿನ ನಿಲ್ದಾಣಗಳಲ್ಲಿ ಗುರುತಿನ ಚೀಟಿ ಕೇಳುವುದು ದೊಡ್ಡ ಸುದ್ದಿಯಾಗಿದ್ದ 2013ರಲ್ಲಿ ಖೆಮಿರಿ ಪತ್ರಿಕೆಯೊಂದರಲ್ಲಿ ನ್ಯಾಯಮಂತ್ರಿಗೆ ಬಹಿರಂಗ ಪತ್ರ ಬರೆದರು. ಒಂದು ದಿನದ ಮಟ್ಟಿಗೆ ನಾವಿಬ್ಬರೂ ಮೈ ಬದಲಿಸಿಕೊಳ್ಳೋಣ, ನನ್ನ ಚರ್ಮದಲ್ಲಿ ನೀವು ಓಡಾಡಿ ನೋಡಿ ಎಂಬುದು ಅದರ ತಿರುಳು. ಇಡೀ ದೇಶ ಆ ಪತ್ರವನ್ನು ಓದಿತು. ಮುಂದೆ 2015ರಲ್ಲಿ ಅವರಿಗೆ ಅಲ್ಲಿನ ದೊಡ್ಡ ಸಾಹಿತ್ಯ ಗೌರವವಾದ ಆಗಸ್ಟ್ ಪ್ರಶಸ್ತಿ ಬಂತು. 2017ರಲ್ಲಿ ಅದೇ ಪ್ರಶಸ್ತಿ ಯೊಹಾನ್ನೆಸ್ ಅನ್ಯೂರು ಅವರ ಪಾಲಾಯಿತು. ಅವರ ತಂದೆ ಉಗಾಂಡದವರು.

ಪ್ರಶಸ್ತಿ ಬಂದ ಮೇಲೆ ಯಾವ ಅಂಗಡಿಯವರೂ ಪುಸ್ತಕ ಇಡುತ್ತಾರೆ. ಯಾರೂ ಕೇಳದಿದ್ದಾಗ ಇಟ್ಟವರು ಯಾರು ಎಂಬುದೇ ಮುಖ್ಯ. ಗಲ್ಫಿನಲ್ಲಿರುವ ನಮಗೆ ಹತ್ತಿರವಾದ ಒಂದು ಉದಾಹರಣೆ ಇದೆ. 2021ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ ಬಂತು. ಅವರು ಹುಟ್ಟಿದ್ದು 1948ರಲ್ಲಿ ಜಂಜಿಬಾರಿನಲ್ಲಿ. ಒಮಾನಿನ ಸುಲ್ತಾನರು ಆಳಿದ, ನಮ್ಮ ಪಶ್ಚಿಮ ಕರಾವಳಿಯ ವ್ಯಾಪಾರಿಗಳೂ ಹಾಯಿಹಡಗಿನಲ್ಲಿ ಹೋಗಿ ಬರುತ್ತಿದ್ದ ಅದೇ ದ್ವೀಪ. ಪ್ರಶಸ್ತಿ ಕೊಡುವುದು ಸ್ಟಾಕ್‌ಹೋಮಿನಲ್ಲಿ. ಆದರೆ ಅವರ ಪುಸ್ತಕಗಳನ್ನು ಅದಕ್ಕೆ ಎಷ್ಟೋ ವರ್ಷ ಮೊದಲೇ ಸ್ವೀಡಿಷಿಗೆ ತಂದದ್ದು ಲುಂಡ್ ಪಟ್ಟಣದ ಸೆಲಾಂದೆರ್ಸ್ ಎಂಬ ಪುಟ್ಟ ಪ್ರಕಾಶನ. 2012ರಲ್ಲಿ ಚೀನಾದ ಮೊ ಯಾನ್‌ಗೆ ನೊಬೆಲ್ ಬಂದಾಗಲೂ ಹೀಗೇ ಆಯಿತು. ಅವರ ಕಾದಂಬರಿಗಳನ್ನು ಸ್ವೀಡಿಷಿನಲ್ಲಿ ಅಚ್ಚು ಹಾಕಿದ್ದು ತ್ರಾನನ್ ಎಂಬ ಸಣ್ಣ ಪ್ರಕಾಶನ. ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕದ ಲೇಖಕರಿಗೆಂದೇ ದುಡಿಯುವ ಸಂಸ್ಥೆ ಅದು, 1992ರಿಂದ.

ಸಣ್ಣವರು ನಂಬಿ ಅಚ್ಚು ಹಾಕಿದರು, ಸಣ್ಣ ಅಂಗಡಿಗಳು ನಂಬಿ ಇಟ್ಟವು, ಕೆಲವು ನೂರು ಓದುಗರು ನಂಬಿ ಕೊಂಡರು. ಆಮೇಲೆ ಜಗತ್ತು ತಿರುಗಿ ನೋಡಿತು.

ಊರಲ್ಲಿ ನಿಷೇಧ, ಪರದೇಶದಲ್ಲಿ ಅಚ್ಚು

ನಮ್ಮನ್ನು ಹೆಚ್ಚು ತಟ್ಟಿದ್ದು ಕುರ್ದ್ ಜನರ ಕತೆ. ಟರ್ಕಿ, ಇರಾಕ್, ಇರಾನ್, ಸಿರಿಯಾ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋದ ಜನ ಅವರು. ಟರ್ಕಿಯಲ್ಲಿ 1983ರಿಂದ 1991ರವರೆಗೆ ಕುರ್ದಿಷ್ ಭಾಷೆಯಲ್ಲಿ ಪ್ರಕಟಿಸುವುದನ್ನೇ ತಡೆಯುವ ಕಾನೂನು ಇತ್ತು. ಮನೆಯಲ್ಲಿ ತಾಯಿ ಆಡುವ ಮಾತನ್ನು ಅಚ್ಚು ಹಾಕಿದರೆ ಅಪರಾಧ.

ಮೆಹ್ಮೆದ್ ಊಝುನ್ 1953ರಲ್ಲಿ ಟರ್ಕಿಯ ಸಿವೆರೆಕ್ ಎಂಬಲ್ಲಿ ಹುಟ್ಟಿದರು. ಶಾಲೆಯಲ್ಲಿ ಕಲಿತದ್ದು ಟರ್ಕಿಷ್. ಕುರ್ದಿಷ್ ಓದಲು ಬರೆಯಲು ಕಲಿತದ್ದು ಜೈಲಿನಲ್ಲಿ, ಹಿರಿಯ ಲೇಖಕ ಮೂಸಾ ಅಂತರ್ ಮೊದಲಾದವರಿಂದ. 1977ರಲ್ಲಿ ಅವರು ಸ್ವೀಡನ್ನಿಗೆ ಬಂದರು. 1985ರಲ್ಲಿ ಅಲ್ಲಿಂದಲೇ ತಮ್ಮ ಮೊದಲ ಕುರ್ದಿಷ್ ಕಾದಂಬರಿ ಹೊರತಂದರು. ಹಿಮ ಬೀಳುವ ಪರದೇಶದಲ್ಲಿ, ಸುತ್ತಮುತ್ತ ಯಾರಿಗೂ ಗೊತ್ತಿಲ್ಲದ ಭಾಷೆಯಲ್ಲಿ, ಊರಲ್ಲಿ ಮಾರಲಾಗದ ಪುಸ್ತಕವನ್ನು ಒಬ್ಬರು ಕುಳಿತು ಬರೆದರು. ಯಾರಿಗಾಗಿ ಎಂದು ಕೇಳುವವರು ಆಗಲೂ ಇದ್ದಿರಬೇಕು.

ಅವರು ಒಬ್ಬರೇ ಅಲ್ಲ. ಫಿರಾತ್ ಜೆವೆರಿ ಎಂಬ ಇನ್ನೊಬ್ಬ ಲೇಖಕರು 1992ರಿಂದ 2001ರವರೆಗೆ ಸ್ವೀಡನ್ನಿನಲ್ಲಿ 'ನೂದೆಮ್' ಎಂಬ ಕುರ್ದಿಷ್ ಸಾಹಿತ್ಯ ಪತ್ರಿಕೆ ನಡೆಸಿದರು. 1932ರಲ್ಲಿ ಡಮಾಸ್ಕಸಿನಲ್ಲಿ ಶುರುವಾಗಿ ನಿಂತುಹೋಗಿದ್ದ 'ಹಾವಾರ್' ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ಮತ್ತೆ ಅಚ್ಚು ಹಾಕಿಸಿದರು. 1997ರಲ್ಲಿ ಸ್ಟಾಕ್‌ಹೋಮಿನಲ್ಲಿ ಕುರ್ದಿಷ್ ಗ್ರಂಥಾಲಯವೇ ತೆರೆಯಿತು. ಇರಾನಿನಿಂದ ಓಡಿ ಬಂದವರೂ ಅದೇ ಹಾದಿ ಹಿಡಿದು ಪರ್ಷಿಯನ್ ಪುಸ್ತಕದಂಗಡಿ, ಪ್ರಕಾಶನ ಕಟ್ಟಿಕೊಂಡರು. ಊರಿನಲ್ಲಿ ಅಚ್ಚಾಗದ್ದು ಇಲ್ಲಿ ಅಚ್ಚಾಯಿತು.

ಮುಂದೆ ಟರ್ಕಿಯಲ್ಲಿ ಆ ಕಾನೂನು ಸಡಿಲವಾದಾಗ ಅಲ್ಲಿನ ಹೊಸ ಓದುಗರ ಕೈಗೆ ಸಿದ್ಧವಾಗಿ ಸಿಕ್ಕ ಆಧುನಿಕ ಕುರ್ದಿಷ್ ಸಾಹಿತ್ಯದ ಒಂದು ದೊಡ್ಡ ಪಾಲು ಸ್ವೀಡನ್ನಿನಲ್ಲಿ ಹುಟ್ಟಿದ್ದು. ಊಝುನ್ ಕಾಯಿಲೆ ಬಿದ್ದ ಮೇಲೆ ತಾಯ್ನೆಲಕ್ಕೆ ಮರಳಿ, 2007ರ ಅಕ್ಟೋಬರಿನಲ್ಲಿ ದಿಯಾರ್‌ಬಕಿರಿನಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ಅಷ್ಟರಲ್ಲಿ ಅವರಿಗಿಂತ ಮುಂಚೆಯೇ ಊರು ತಲುಪಿದ್ದವು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸ್ವೀಡನ್ನಿನ ನೆರಳು ನಮ್ಮ ಮೇಲೆ ಹಾಗೇ ಬೀಳುವುದಿಲ್ಲ. ಅಲ್ಲಿಗೆ ಹೋದವರಿಗೆ ಪೌರತ್ವ ಸಿಗುತ್ತದೆ, ವಲಸಿಗರ ಭಾಷೆಯ ಪುಸ್ತಕಕ್ಕೆ ಸರ್ಕಾರದ ನೆರವೂ ಸಿಕ್ಕಿದೆ. ಒಂದು ಊರಾಡಳಿತದ ವ್ಯಾಪ್ತಿಯಲ್ಲಿ ಐದು ಮಕ್ಕಳು, ತಕ್ಕ ಶಿಕ್ಷಕರೊಬ್ಬರು ಸಿಕ್ಕರೆ ಮಾತೃಭಾಷೆಯ ಪಾಠ ಏರ್ಪಡಿಸುವ ಹೊಣೆ ಆ ಆಡಳಿತದ್ದೇ. 2014ರಿಂದ ಜಾರಿಯಲ್ಲಿರುವ ಗ್ರಂಥಾಲಯ ಕಾನೂನು, ಬೇರೆ ತಾಯ್ನುಡಿಯವರ ಕಡೆಗೆ ವಿಶೇಷ ಗಮನ ಕೊಡಬೇಕು ಎನ್ನುತ್ತದೆ. ನಾವೋ ವೀಸಾ ಇರುವಷ್ಟು ದಿನ ಇಲ್ಲಿರುವವರು. ಒಂದಲ್ಲ ಒಂದು ದಿನ ಪೆಟ್ಟಿಗೆ ಕಟ್ಟಿ ಊರಿಗೆ ಹೊರಡುವವರು. ನಮ್ಮ ಭಾಷೆಗೆ ಊರಿನಲ್ಲಿ ನಿಷೇಧವೂ ಇಲ್ಲ. ಹಾಗಿದ್ದರೆ ಅವರಿಂದ ಕಲಿಯುವುದು ಏನಿದೆ?

ಮೂರು ಜನ, ಒಂದು ಪುಸ್ತಕ

ಕಲಿಯುವುದು ಇದೆ, ಅದೂ ಸರ್ಕಾರದ ನೆರವಿಲ್ಲದೆ ಶುರುವಾದ ಒಂದು ಪದ್ಧತಿಯಿಂದ. ಇಂದು ಸಿರಿವಂತ ದೇಶವಾಗಿರುವ ಸ್ವೀಡನ್ ನೂರಿಪ್ಪತ್ತು ವರ್ಷಗಳ ಹಿಂದೆ ಬಡದೇಶ. ಹೊಟ್ಟೆಪಾಡಿಗಾಗಿ ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದ ಕಾಲ. ಹಿಂದೆ ಉಳಿದ ಕೂಲಿಕಾರರಿಗೆ ಶಾಲೆಯ ಓದು ಅಷ್ಟಕ್ಕಷ್ಟೆ. 1902ರಲ್ಲಿ ಲುಂಡ್ ಪಟ್ಟಣದಲ್ಲಿ ಪಾನನಿರೋಧ ಚಳವಳಿಯ ಆಸ್ಕರ್ ಓಲ್ಸನ್ ಎಂಬುವರು 'ಅಧ್ಯಯನ ವೃತ್ತ' ಎಂಬ ಸರಳ ಉಪಾಯ ಆರಂಭಿಸಿದರು. ಮೇಷ್ಟ್ರಿಲ್ಲ, ಪರೀಕ್ಷೆಯಿಲ್ಲ. ಕೆಲವರು ಸೇರಿ ಪುಸ್ತಕಗಳನ್ನು ತರಿಸುವುದು, ಕೈಯಿಂದ ಕೈಗೆ ದಾಟಿಸುತ್ತಾ ಓದುವುದು, ಸಂಜೆ ಕುಳಿತು ಅದರ ಬಗ್ಗೆ ಮಾತಾಡುವುದು. ಎಲ್ಲರೂ ಓದಿಯಾದ ಮೇಲೆ ಆ ಪುಸ್ತಕಗಳು ಸೇರಿ ಊರಿಗೊಂದು ಪುಟ್ಟ ಗ್ರಂಥಾಲಯ.

1912ರಲ್ಲಿ ಕಾರ್ಮಿಕರ ಶಿಕ್ಷಣಕ್ಕೆಂದೇ ಎಬಿಎಫ್ ಎಂಬ ಸಂಸ್ಥೆ ಹುಟ್ಟಿತು. ಅದು ಇಂದಿಗೂ ಇದೆ. ಸರ್ಕಾರದ ಸಹಾಯ ಬಂದದ್ದು ಜನ ತಾವಾಗಿ ಕುಳಿತು ಓದತೊಡಗಿದ ನಂತರ. ಇವತ್ತಿಗೂ ಅಲ್ಲಿ ಒಂದು ಅಧ್ಯಯನ ವೃತ್ತಕ್ಕೆ ಮೂರು ಜನ ಇದ್ದರೆ ಸಾಕು. ಉಪ್ಸಾಲದ ಅಂಗಡಿಯ ಓದುಗರ ಕೂಟವನ್ನೂ ಕುರ್ದಿಷ್ ಪತ್ರಿಕೆಯ ಚಂದಾದಾರರನ್ನೂ ಈ ಹಿನ್ನೆಲೆಯಲ್ಲಿ ನೋಡಿದರೆ ಅರ್ಥವಾಗುತ್ತದೆ. ಪುಸ್ತಕ ಅಲ್ಲಿ ಒಬ್ಬರೇ ಓದಿ ಮುಚ್ಚಿಡುವ ವಸ್ತು ಆಗಿರಲಿಲ್ಲ.

ನಮ್ಮ ಕಪಾಟಿನ ತಪ್ಪು ನಮಗೆ ಕಂಡದ್ದು ಇಲ್ಲಿ. ನಾವು ಪುಸ್ತಕ ಇಟ್ಟೆವು, ಬೀಗವನ್ನೂ ಇಟ್ಟೆವು. ಬೀಗದ ಕೈ ಯಾರ ಬಳಿ ಇದೆ ಎಂದು ಅರ್ಧ ಜನಕ್ಕೆ ಗೊತ್ತಿಲ್ಲ. ನಗರದಿಂದ ಒಂದು ಗಂಟೆ ದೂರದ ಕ್ಯಾಂಪಿನಲ್ಲಿರುವ ಹುಡುಗ ವಾರದ ಒಂದೇ ರಜೆಯಲ್ಲಿ ಬಟ್ಟೆ ಒಗೆದು, ಊರಿಗೆ ಫೋನು ಮಾಡಿ, ಬಸ್ಸು ಹಿಡಿದು ಪುಸ್ತಕಕ್ಕಾಗಿ ಇಲ್ಲಿಗೆ ಬರಬೇಕು ಎಂದು ನಾವು ಕಾದೆವು. ಬರಲಿಲ್ಲ ಎಂದು ಓದುವ ಅಭ್ಯಾಸ ಹೋಯಿತು ಎಂದೆವು.

ನಮ್ಮ ಕತೆಗೂ ಜಾಗ ಬೇಕು

ಕನ್ನಡದಲ್ಲೂ ಕಪಾಟಿನ ಅಂಚಿನಲ್ಲಿ ಉಳಿದವರು ಇದ್ದಾರೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಗಡಿನಾಡಿನ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಕನ್ನಡಕ್ಕೆ ತಂದರು. ತಮ್ಮದೇ 'ಚಂದ್ರಗಿರಿ ಪ್ರಕಾಶನ' ಕಟ್ಟಿ ಪುಸ್ತಕ ಪ್ರಕಟಿಸಿದರು. ಹಾಸನದ ಬಾನು ಮುಷ್ತಾಕ್ ದಶಕಗಳ ಕಾಲ ಬರೆದ ಕತೆಗಳಲ್ಲಿ ಹನ್ನೆರಡನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಅದು 'ಹಾರ್ಟ್ ಲ್ಯಾಂಪ್' ಆಗಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಗೆದ್ದಾಗ ನಮ್ಮ ಗುಂಪಿನಲ್ಲಿ ಅಭಿನಂದನೆಯ ಮಳೆಯೇ ಸುರಿಯಿತು. ಅದನ್ನು ಅಚ್ಚು ಹಾಕಿದ್ದು ಇಂಗ್ಲೆಂಡಿನ ಶೆಫೀಲ್ಡಿನ ಸಣ್ಣದೊಂದು ಸ್ವತಂತ್ರ ಪ್ರಕಾಶನ. ನಮ್ಮ ಕಪಾಟಿನಲ್ಲಿ ಬಾನು ಅವರ ಒಂದೂ ಪುಸ್ತಕ ಇರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ.

ಇನ್ನೊಂದು ಖಾಲಿ ಜಾಗವೂ ಇದೆ. ಅದು ನಮ್ಮದೇ. ಬಹ್ರೈನಿನಲ್ಲಿ ದುಡಿಯುತ್ತಿದ್ದಾಗಲೇ ಬೆನ್ಯಾಮಿನ್ ಬರೆದ 'ಆಡುಜೀವಿತಂ' 2008ರಲ್ಲಿ ಬಂದು, ಮರಳುಗಾಡಿನಲ್ಲಿ ಆಡು ಕಾಯಲು ಸಿಕ್ಕಿಬಿದ್ದ ಮಲಯಾಳಿಯ ಕತೆಯನ್ನು ಮನೆಮನೆಗೆ ಮುಟ್ಟಿಸಿತು. ಕುಂದಾಪುರದ ಅಡುಗೆಯವರು, ಬೀದರಿನ ಚಾಲಕರು, ಉಳ್ಳಾಲದ ಅಂಗಡಿ ಹುಡುಗರು, ರಾಯಚೂರಿನ ಮೇಸ್ತ್ರಿಗಳು, ಮನೆಗೆಲಸಕ್ಕೆ ಬಂದ ಅಕ್ಕಂದಿರು ಕಂಡ ಗಲ್ಫು ಕನ್ನಡದಲ್ಲಿ ಎಷ್ಟು ಪುಟ ಆಗಿದೆ? ಕ್ಯಾಂಪಿನ ಮೇಲಿನ ಮಂಚದಲ್ಲಿ ಮಲಗಿ ಮೊಬೈಲಿನಲ್ಲಿ ಕತೆ ಬರೆದಿಟ್ಟವರು ನಮ್ಮಲ್ಲಿ ಇದ್ದಾರೆ. ತೋರಿಸಲು ಸಂಕೋಚ. ಓದುವವರು ಯಾರು ಎಂಬ ಅನುಮಾನ. ಬರೆಯುವವರಿಗೆ ಮೊದಲು ಬೇಕಾದದ್ದು ನಾಲ್ಕು ಜನ ಓದುಗರು. ಆ ನಾಲ್ಕು ಜನ ಆಗುವುದು ನಮ್ಮ ಕೈಯಲ್ಲಿದೆ.

ನಮ್ಮ ಮುಂದಿನ ಹೆಜ್ಜೆ

ಮುಂದಿನ ಸಭೆಯಲ್ಲಿ ಹೀಗೆ ತೀರ್ಮಾನವಾಯಿತು. ಕಪಾಟನ್ನು ಕೋಣೆಯಿಂದ ತೆಗೆಯುತ್ತೇವೆ. ಕುರ್ಚಿ ಕೇಳಿದ ಸದಸ್ಯರಿಗೆ ಕುರ್ಚಿ ಸಿಗುತ್ತದೆ. ಆದರೆ ಪುಸ್ತಕಗಳು ಗೋದಾಮಿಗೆ ಹೋಗುವುದಿಲ್ಲ. ಹತ್ತು ಹನ್ನೆರಡು ಪುಸ್ತಕಗಳ ಒಂದೊಂದು ಚೀಲ ಮಾಡಿ, ಒಂದೊಂದು ಚೀಲ ಒಂದೊಂದು ಕಡೆಗೆ ಕಳಿಸುತ್ತೇವೆ. ಕ್ಯಾಂಪಿಗೊಂದು, ಕನ್ನಡದವರು ಹೆಚ್ಚಿರುವ ಕಟ್ಟಡಕ್ಕೊಂದು, ಹೋಟೆಲ್ ಕೆಲಸದವರ ಕೋಣೆಗೊಂದು. ಮೂರು ಜನ ಇದ್ದರೆ ಚೀಲ ಬರುತ್ತದೆ. ಎರಡು ತಿಂಗಳಿಗೆ ಚೀಲಗಳು ಜಾಗ ಬದಲಿಸುತ್ತವೆ. ಓದು ಬಾರದವರಿಗೆ ಒಬ್ಬರು ಗಟ್ಟಿಯಾಗಿ ಓದಿ ಹೇಳಿದರೂ ಅದು ಲೆಕ್ಕಕ್ಕೆ ಬರುತ್ತದೆ. ಮಕ್ಕಳಿರುವ ಮನೆಗಳ ಚೀಲದಲ್ಲಿ ಅರ್ಧ ಮಕ್ಕಳ ಪುಸ್ತಕ.

ಇಲ್ಲಿ ಮಾರಾಟ ಮಾಡುವುದಕ್ಕೂ ಹಣ ಎತ್ತುವುದಕ್ಕೂ ಅನುಮತಿ ಬೇಕು ಎಂಬುದನ್ನು ಮರೆಯಬಾರದು. ಆದ್ದರಿಂದ ಇದರಲ್ಲಿ ಹಣದ ವ್ಯವಹಾರ ಇಲ್ಲ, ಚಂದಾ ಇಲ್ಲ. ಸಂಘದ ಸದಸ್ಯರ ಪುಸ್ತಕ, ಸದಸ್ಯರ ನಡುವೆ ಎರವಲು, ಅಷ್ಟೇ. ಹೊಸ ಪುಸ್ತಕ ಬರಬೇಕಾದದ್ದು ನಮ್ಮ ಪೆಟ್ಟಿಗೆಗಳಲ್ಲಿ. ರಜೆಗೆ ಹೋಗಿ ಬರುವಾಗ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ತೂಗಿ ತೂಗಿ ತುಂಬುತ್ತೇವಲ್ಲ, ಅದರ ನಡುವೆ ಒಂದೇ ಒಂದು ಕನ್ನಡ ಪುಸ್ತಕ. ತೂಕ ಕಾಲು ಕಿಲೋ. ಸಾಧ್ಯವಾದರೆ ಊರಿನ ಸಣ್ಣ ಅಂಗಡಿಯಲ್ಲೇ ಕೊಳ್ಳಿ. ಆ ಅಂಗಡಿ ಉಳಿಯುವುದೂ ಮುಖ್ಯ.

ಮುಂದಿನ ವರ್ಷದ ಸಂಚಿಕೆಯಲ್ಲಿ ಹತ್ತು ಪುಟಗಳನ್ನು ಮೊದಲ ಬಾರಿಗೆ ಬರೆಯುವವರಿಗೆ ಮೀಸಲಿಡುತ್ತೇವೆ. ಕಾಗುಣಿತ ತಪ್ಪಿದರೆ ತಿದ್ದಲು ನಾವಿದ್ದೇವೆ. ನಿಮ್ಮೂರಿನ ಕನ್ನಡದಲ್ಲೇ ಬರೆಯಿರಿ.

ಇದು ಬರೆಯುವ ಹೊತ್ತಿಗೆ ಎರಡು ಚೀಲ ಸಿದ್ಧವಾಗಿವೆ. ಮೂರನೆಯದಕ್ಕೆ ಪುಸ್ತಕ ಸಾಲದು. ಈ ಸಲ ಊರಿಗೆ ಹೋಗುವವರು ದಯವಿಟ್ಟು ನೆನಪಿಡಿ.